ಹಿಂಡಿನಿಂದ ಹೊರಗಿಟ್ಟ ಟಗರು

"ಈ ಸಂಬಂಧ ಬ್ಯಾಡಂತ ಹೇಳಿ ಕಳಿಸೀದಿ. ನನ್ನ ಮುಂದ ಹೇಳಾಕ ಬಾಯಿ ಇರ್ಲಿಲ್ಲೇನ?"

ಭೋಜ ಊರಿನ ಹತ್ತಿರ, ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ ಮಾಳು ನನ್ನನ್ನು ನೋಡಿ ಗಾಬರಿಯಾದ. ಮದುವೆ ನಿಶ್ಚಯವಾದಾಗಿನಿಂದ ನಾನು ಅವನಿಗೆ 'ಹೌದ್ರಿ, ಇಲ್ರಿ' ಎಂದೇ ಮಾತನಾಡುತ್ತಿದ್ದೆ. ಸಿಟ್ಟಿನಲ್ಲಿ ಅದೆಲ್ಲ ಎಲ್ಲಿ ನೆನಪಿರಬೇಕು!

ಅವನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿಯಿತ್ತು. ಬೇರೆಯವರ ಹಿಂಡಿನಲ್ಲಿ ಬೆರೆತರೂ ಗುರುತು ಸಿಗಲೆಂದು ಕುರಿಗಳ ಬೆನ್ನಿಗೆ ಬಣ್ಣ ಹಚ್ಚುತ್ತಿದ್ದ. ಸೊರಗಿದ್ದ. ಆದರೂ ಪೆಚ್ಚಾಗಿ ನಕ್ಕಾಗ ಕೆನ್ನೆಯಲ್ಲಿ ಅದೇ ಗುಳಿ. ಕಳ್ಳ! ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

"ಸೋನಾಲಿ, ನನಗ ರಕ್ತದ ಕ್ಯಾನ್ಸರ್ ಐತಿ. ಜೀನ್ ಕೆಟ್ಟೈತಿ ಅಂದ್ರು ಡಾಕ್ಟರ್."

"ಗೊತ್ತೈತಿ. ಗುಳಿಗಿ ತಗೊಂಡ್ರ ಹಿಡಿತದಾಗ ಇರತೈತಿ ಅಂತನೂ ಅಂದಾರ."

"ನನ್ನ ಚಿಂತಿ ನನಗಿಲ್ಲ." ದೂರದಲ್ಲಿ ಒಂಟಿಯಾಗಿ ಕಟ್ಟಿದ್ದ ಟಗರನ್ನು ತೋರಿಸಿದ. "ಅದರ ಮರಿ ಎಲ್ಲಾ ಸೊಟ್ಟ ಕಾಲಿಲೇ ಹುಟ್ಟಿದ್ವು. ಹಿಂಡಿನಿಂದ ಹೊರಗಿಟ್ಟೀನಿ. ಹಂಗ ನಾನೂ..."

ಅಯ್ಯ ನನ್ನ ಶಾಣ್ಯಾ! ಕುರಿಗೆ ಹಾಕುವ ಲೆಕ್ಕವನ್ನು ತನಗೇ ಹಾಕಿಕೊಂಡು ಕೂತಿದ್ದ. ನಗಬೇಕೋ ಅಳಬೇಕೋ ತಿಳಿಯದೆ ಅತ್ತೇಬಿಟ್ಟೆ. ಅವನು ತಡಬಡಿಸಿ ಹೆಗಲ ಮೇಲಿನ ಟವೆಲ್ ಚಾಚಿದ. ಅದಕ್ಕೆ ಕುರಿಯ ವಾಸನೆ. ಆದರೂ ಮೂಗು ಒರೆಸಿಕೊಂಡೆ.

"ನಿಮ್ಮವ್ವನ ಕರಕೊಂಡು ಡಾಕ್ಟರನ್ನ ಕೇಳಿ ಬಂದೀನಿ. ಟಗರಿಂದು ಹುಟ್ಟಾ ಬಂದದ್ದು. ನಿಂದು ಹಂಗಲ್ಲ. ಎಲುಬಿನ ಮಜ್ಜಿಯೊಳಗ ದಿನಾ ಹೊಸಾ ರಕ್ತದ ಕಣ ಹುಟ್ಟತಾವ, ಬಲೀತಾವ, ಕೆಲಸಾ ಮುಗಿಸಿ ಸಾಯತಾವ. ನೀ ದೊಡ್ಡವ ಆದಮ್ಯಾಲ ಅಲ್ಲೇ ಒಂದು ಕಣದಾಗ ಎರಡು ಜೀನಿನ ತುಂಡು ಮುರದು ಅದಲಿ ಬದಲಿ ಕೂಡ್ಯಾವ. ಆ ಕಣಕ್ಕ ಸಾಕು ಅನ್ನೂದ ಗೊತ್ತಿಲ್ಲ, ತನ್ನಂಥಾವನ್ನ ಹುಟ್ಟಿಸಿಕೋತನ ಹೊಂಟೈತಿ. ಬಲೀಲಾರದ ಬಿಳಿ ಕಣ ತುಂಬಿ ಒಳ್ಳೇವಕ್ಕ ಜಾಗಾನ ಉಳದಿಲ್ಲ. ಅದಕ್ಕ ನಿನಗ ದಣಿವು."

"ಮತ್ತ... ಮಕ್ಕಳಿಗೆ?"

"ಬರೂದಿಲ್ಲ. ಕೆಟ್ಟದ್ದು ಮಜ್ಜಿಯೊಳಗಿನ ಕಣ ಅಷ್ಟ. ಮಕ್ಕಳಿಗೆ ದಾಟಂಗಿಲ್ಲ."

"ಖರೇ?"

"ನಿನ್ನಾಣಿ."

ಅವನ ಕಣ್ಣು ತುಂಬಿದವು. ಮುಖ ತಿರುಗಿಸಿ ನಿಂತ. "ಗುಳಿಗಿ ಬಾಳ ವರ್ಷ ನುಂಗಬೇಕಾಗತೈತಿ, ಸೋನಾಲಿ. ನನ್ನ ಕಟಗೊಂಡು ದವಾಖಾನಿ ತಿರಗತಿ?"

"ತಿರಗತೀನಿ. ಬರೂಮುಂದ ನಿಪ್ಪಾಣ್ಯಾಗ ಚಾ ಕುಡಸು, ಸಾಕು."

ಡಬ್ಬಿಯಲ್ಲಿ ಅಂಗೈ ಅದ್ದಿ, ಅವನ ಬಿಳಿ ಅಂಗಿಯ ಬೆನ್ನಿಗೆ ಗಟ್ಟಿಯಾಗಿ ಒತ್ತಿದೆ.

"ಏ, ಏನ ಮಾಡಿದಿ!"

"ಗುರುತ ಹಚ್ಚೀನಿ. ಇನ್ನ ಹಿಂಡು ಬಿಟ್ಟು ಎಲ್ಲಿಗೆ ಹೋಗತಿ, ನೋಡತೀನಿ."

ಅವನ ಕೆನ್ನೆಯಲ್ಲಿ ಗುಳಿ ಬಿತ್ತು. "ನಾಳೆ ಅಪ್ಪನ್ನ ನಿಮ್ಮ ಮನಿಗೆ ಕಳಸ್ತೀನಿ," ಎಂದ.

"ನಾಳೆ ಯಾಕ? ಇವತ್ತ ಕಳಿಸ್ರಿ."

ಮದುವೆಯಾದ ಮೇಲೆ ಅವನ ಬಟ್ಟೆಗಳೆಲ್ಲ ಒಗೆಯಲು ನನ್ನ ಕೈಗೆ ಬಂದವು. ಆ ಅಂಗಿಯೊಂದನ್ನು ಮಾತ್ರ ಇವತ್ತಿಗೂ ಒಗೆದಿಲ್ಲ.