ಇನ್ನೆರಡು ಕಿಲೋಮೀಟರ್ ಹಿಮ

ಲಾಂಗ್‌ಯೋಕುಲ್ ಹಿಮನದಿಯ ನೆತ್ತಿಗೆ ತಾನೇ ಜೀಪು ಓಡಿಸಿಕೊಂಡು ಹೋಗಬೇಕು, ಅಲ್ಲಿಂದ ‘ಮುದುಕಿ’ ಎಂಬ ಹೆಸರಿನ ಬೆಟ್ಟಗಳನ್ನು ಕಣ್ಣಾರೆ ನೋಡಬೇಕು. ಸ್ಟೇನ್‌ವೋರ್ ಹಟ ಹಿಡಿದದ್ದು ಇಷ್ಟಕ್ಕೇ. ಅರವತ್ತಮೂರು ವರ್ಷದ ಅವಳ ಕಣ್ಣುಗಳಲ್ಲಿ ನಟ್ಟನಡುವಿನ ನೋಟ ಮಸುಕಾಗುತ್ತ ಬಂದಿತ್ತು. ಜೂನ್‌ನಲ್ಲಿ ಲೈಸೆನ್ಸ್ ಒಪ್ಪಿಸಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಈಗ ಮೇ ತಿಂಗಳ ಕೊನೆಯ ವಾರ.

ಜೊತೆಗೆ ಇಬ್ಬರು: ಹಳೆಯ ಗೆಳತಿ ಆಲ್ಫ್‌ದೀಸ್, ಗ್ಯಾರೇಜು ನಡೆಸುವ ಅಣ್ಣನ ಮಗ ಹ್ರೆಗ್‌ವಿದುರ್. ಜೀಪಿಗೆ ಹೊಸ ಎಂಜಿನ್ ಕಂಪ್ಯೂಟರ್ ಕೂರಿಸಿದವನು ಅವನೇ. ಅತ್ತೆಗೆ ಸಣ್ಣ ಮೀಟರುಗಳು ಕಾಣುವುದಿಲ್ಲವೆಂದು ಅಂಗೈಯಗಲದ ಒಂದೇ ಅಂಕಿ ತೋರಿಸುವ ಪರದೆ ಇಟ್ಟಿದ್ದ. ಮೊದಲು ಕಾಣುವುದು ನೀರಿನ ಬಿಸಿ. ಗುಂಡಿ ಒತ್ತಿದರೆ ಆಯಿಲ್ ಒತ್ತಡ.

ಮೆತ್ತನೆಯ ಹಿಮದಲ್ಲಿ ಹೂತುಹೋಗದಿರಲೆಂದು ಹಿಮದಂಚಿನಲ್ಲಿ ಟೈರುಗಳ ಗಾಳಿ ಬಿಟ್ಟರು.

"ಎಷ್ಟಕ್ಕೆ ಇಳಿಸ್ಲಿ ಅತ್ತೆ?"

"ಮೂರು."

ಮೂರು ಏನು ಎಂದು ಹಿಮನದಿಯ ಜನ ಕೇಳುವುದಿಲ್ಲ. ಒತ್ತಡವೆಂದರೆ ಪೌಂಡು, ಅಷ್ಟೇ. ಸೊಂಟದೆತ್ತರದ ಟೈರುಗಳು ಅಪ್ಪಚ್ಚಿಯಾಗಿ ಹರಡಿ ಕೂತವು.

"ಮುದುಕೀನ ನೋಡೋಕೆ ಇಬ್ರು ಮುದುಕೀರು ಹೊರಟ್ವಿ," ಎಂದಳು ಆಲ್ಫ್‌ದೀಸ್.

"ಮುದುಕಿ ನೀನು. ನಾನು ಡ್ರೈವರ್."

ಮೂರು ಗಂಟೆ ಏರಿದರು. ಎತ್ತ ನೋಡಿದರೂ ಬಿಳಿ; ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಒಳ್ಳೆಯ ಕಣ್ಣಿನವರಿಗೂ ತಿಳಿಯದು. ಇಲ್ಲಿ ಎಲ್ಲರೂ ತನ್ನಂತೆಯೇ ಅರೆಗುರುಡರು ಎಂದು ಸ್ಟೇನ್‌ವೋರ್‌ಗೆ ಒಳಗೊಳಗೇ ಖುಷಿ. ಈ ಬಿಳುಪಿಗಾಗಿ ಅವಳು ಚಳಿಗಾಲವಿಡೀ ಹಂಬಲಿಸಿದ್ದಳು.

ನೆತ್ತಿ ಇನ್ನೆರಡು ಕಿಲೋಮೀಟರ್ ಇದ್ದಾಗ ಗಾಳಿ ಎದ್ದಿತು. ಮುಂದೆ ಹಿಮದ ಬಿರುಕುಗಳಿದ್ದವು. ಹ್ರೆಗ್‌ವಿದುರ್ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಕೋಲಿನಿಂದ ಹಿಮ ಚುಚ್ಚುತ್ತ ನಡೆದ. ಅವನ ಕಿತ್ತಳೆ ಜಾಕೆಟ್ಟಿನ ಹಿಂದೆ ಜೀಪು ತೆವಳಿತು.

ಎಂಜಿನ್ ಏದುಸಿರು ಬಿಟ್ಟಿತು. ಆಯಿಲ್ ಒತ್ತಡ ನೋಡಲು ಸ್ಟೇನ್‌ವೋರ್ ಮೊದಲ ಸಲ ಗುಂಡಿ ಒತ್ತಿದಳು.

ಪರದೆಯಲ್ಲಿ ದೊಡ್ಡದಾಗಿ 3.

ಅವಳು ಎಂಜಿನ್ ಆರಿಸಿಬಿಟ್ಟಳು.

ಹ್ರೆಗ್‌ವಿದುರ್ ಓಡಿ ಬಂದ. "ಯಾಕೆ ಆಫ್ ಮಾಡ್ದೆ?"

"ಆಯಿಲ್ ಒತ್ತಡ ಮೂರಕ್ಕೆ ಬಿದ್ದಿದೆ ಕಣೋ! ನಲವತ್ತಿರಬೇಕು!"

ಅವನು ಅಳತೆಕಡ್ಡಿ ಎಳೆದು ನೋಡಿದ. ಆಯಿಲ್ ಗುರುತಿನವರೆಗೂ ಇತ್ತು. "ಹಾಗಾದ್ರೆ ಪಂಪೇ ಹೋಗಿದೆ. ಇನ್ನು ಸ್ಟಾರ್ಟ್ ಮಾಡಿದ್ರೆ ಎಂಜಿನ್ ಸುಟ್ಟು ಹೋಗತ್ತೆ."

ಆಲ್ಫ್‌ದೀಸ್ ರೇಡಿಯೋ ಕೈಗೆತ್ತಿಕೊಂಡಳು. ರಕ್ಷಣಾ ದಳ ಬಂದರೆ ಜೀಪನ್ನು ಕೆಳಕ್ಕೆ ಎಳೆದೊಯ್ಯುತ್ತದೆ, ಮೇಲಕ್ಕಲ್ಲ.

ಸ್ಟೇನ್‌ವೋರ್ ಸ್ಟೀರಿಂಗ್ ಬಿಡಲಿಲ್ಲ. "ಇನ್ನೆರಡೇ ಕಿಲೋಮೀಟ್ರು," ಎಂದಳು. "ಮುಂದಿನ ವರ್ಷ ನಂಗೆ ಕಣ್ಣಿರಲ್ಲ ಕಣೇ."

ಹ್ರೆಗ್‌ವಿದುರ್‌ಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. "ತಡಿ ಆಲ್ಫ್‌ದೀಸ್, ಈಗ್ಲೇ ಕರೀಬೇಡ. ಸೆನ್ಸರೇ ಸುಳ್ಳು ಹೇಳ್ತಿರಬಹುದು."

ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟು ಕಂಪ್ಯೂಟರಿಗೆ ತಂತಿ ಸಿಕ್ಕಿಸಿದ. ಬೆರಳು ಮರಗಟ್ಟಿದ್ದವು; ಬಾಯಲ್ಲಿಟ್ಟು ಬಿಸಿ ಮಾಡಿಕೊಂಡ. ಸೆನ್ಸರಿನಿಂದ ಕೊನೆಯ ನಿಮಿಷ ಬಂದಿದ್ದ ವೋಲ್ಟು ಹುಡುಕಿದ: ಒಂದು ಪಾಯಿಂಟ್ ಏಳು. ಒತ್ತಡ ಬಿದ್ದಿದ್ದರೆ ಅರ್ಧ ವೋಲ್ಟಿನ ಹತ್ತಿರ ಇರಬೇಕಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕಿ ಹಣೆ ಚಚ್ಚಿಕೊಂಡ.

"ಅತ್ತೆ, ಅದು ಪೌಂಡಲ್ಲ, ಬಾರ್! ಗ್ಯಾರೇಜಲ್ಲಿ ನಾವು ಅದ್ರಲ್ಲೇ ಅಳೆಯೋದು. ಪರದೆಗೆ ಪೌಂಡು ಹಾಕೋದು ಮರ್ತೇ ಹೋಗಿದ್ದೆ. ಮೂರು ಬಾರ್ ಅಂದ್ರೆ ನಲವತ್ಮೂರು ಪೌಂಡು."

"ಮತ್ತೆ ಆಗ್ಲೇ ಬಾಯಿ ಬಿಡಬಾರದಿತ್ತಾ?"

"ಹಿಮದ ಮೇಲೆ ನೀನು ಮೂರು ಅಂದ್ರೆ ನಂಗೂ ಪೌಂಡೇ ಅನ್ಸೋದು."

"ನಿನ್ನ ತಲೇಲೂ ಮೂರೇ ಪೌಂಡ್ ಗಾಳಿ," ಎಂದಳು ಆಲ್ಫ್‌ದೀಸ್.

ಅವನು ಪರದೆಯ ಅಳತೆಯನ್ನು ಪೌಂಡಿಗೆ ಬದಲಿಸಿದ. ಸ್ಟೇನ್‌ವೋರ್ ಕೀಲಿ ತಿರುಗಿಸಿದಳು. ಚಳಿಗೆ ಬ್ಯಾಟರಿ ನರಳಿತು. ಇನ್ನೊಮ್ಮೆ ತಿರುಗಿಸಿದಳು. ಎಂಜಿನ್ ಕೆಮ್ಮಿ ಎದ್ದಿತು. ಆಯಿಲ್ ತಣ್ಣಗಾಗಿ ಗಟ್ಟಿಯಾಗಿದ್ದರಿಂದ ಪರದೆಯಲ್ಲಿ ಈಗ 55.

ಹ್ರೆಗ್‌ವಿದುರ್ ಮತ್ತೆ ಹಗ್ಗ ಕಟ್ಟಿಕೊಂಡು ಮುಂದೆ ನಡೆದ.

ನೆತ್ತಿ ತಲುಪಿದಾಗ ಮೋಡ ಹರಿದಿತ್ತು. ಸ್ಟೇನ್‌ವೋರ್ ಇಳಿದು ಪೂರ್ವಕ್ಕೆ ನೇರ ದಿಟ್ಟಿಸಿದಳು. ಬೂದುಬಣ್ಣದ ಕಲೆಯಷ್ಟೇ ಕಂಡಿತು. ನಿಧಾನವಾಗಿ ಮುಖವನ್ನು ಪಕ್ಕಕ್ಕೆ ಹೊರಳಿಸಿದಳು. ಆಗ ಕಣ್ಣಿನ ಅಂಚಿಗೆ ಮುದುಕಿ ಬೆಟ್ಟಗಳು ಬಂದವು. ಕೆಂಪು ಕಲ್ಲು, ಮಡಿಕೆಗಳಲ್ಲಿ ಹಿಮ. ಅವನ್ನು ನೋಡಬೇಕಾದರೆ ಅವುಗಳಿಂದ ಮುಖ ತಿರುಗಿಸಿಯೇ ನಿಲ್ಲಬೇಕಿತ್ತು. ಹಾಗೇ ನಿಂತಳು, ಕೆನ್ನೆ ಒದ್ದೆಯಾಗುವವರೆಗೆ.

"ಕಾಣ್ತಾ?" ಕೇಳಿದಳು ಆಲ್ಫ್‌ದೀಸ್.

"ಕಾಣ್ತು."

ಹಿಮದಂಚಿನವರೆಗೂ ಅವಳೇ ಇಳಿಸಿಕೊಂಡು ಬಂದಳು. ಟೈರಿಗೆ ಗಾಳಿ ತುಂಬುತ್ತಿದ್ದ ಹ್ರೆಗ್‌ವಿದುರ್‌ನ ಕೈಗೆ ಕೀಲಿ ಇಟ್ಟಳು.

"ತಗೋ. ಇನ್ನು ಬರೀ ರಸ್ತೆ. ಅದನ್ನ ನಾನು ನೋಡ್ದಿದ್ರೂ ನಡೆಯತ್ತೆ."