ದಿನಕ್ಕೆ ಎಂಟು ನಿಮಿಷದ ಸಂಸಾರ

"ನಿಮ್ಮ ಗಂಡ ಮಂಚದ ಯಾವ ಪಕ್ಕ ಮಲಗ್ತಾರೆ ಅಂತ ಕೇಳ್ತಿದ್ದಾರಮ್ಮ."

ಮೇಜಿನ ಮೇಲಿದ್ದ ಫೋನಿನಿಂದ ಬಂದ ಕನ್ನಡ ಅದು. ದುಭಾಷಿ ಹೆಂಗಸು ಯಾವ ಊರಲ್ಲಿ ಕೂತಿದ್ದಳೋ! ಎದುರಿಗೆ ವಲಸೆ ಕಚೇರಿಯ ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದ.

ಪ್ರಶ್ನೆ ಕೇಳಿಸಿಕೊಂಡವಳ ಮುಖ ಕೆಂಪಾಯಿತು. ಹೆತ್ತ ತಾಯಿಯ ಹತ್ತಿರವೂ ಆಡದ ಮಾತನ್ನು ಈ ಗಂಡಸಿನ ಎದುರು ಆಡುವುದಾ...

ಹೇಳದೆ ವಿಧಿಯಿರಲಿಲ್ಲ. ಇವರದು ನಿಜವಾದ ಮದುವೆ ಎಂದು ಅವನಿಗೆ ಅನ್ನಿಸಿದರೆ ಮಾತ್ರ ಅವಳ ವೀಸಾ ಮುಂದುವರಿಯುತ್ತದೆ. ಇಲ್ಲದಿದ್ದರೆ ಗಂಡನನ್ನು ಇಲ್ಲೇ ಬಿಟ್ಟು ಊರಿಗೆ ಹೊರಡಬೇಕು. ಪಕ್ಕದ ಕೋಣೆಯಲ್ಲಿ ಅವಳ ಗಂಡನಿಗೂ ಇವೇ ಪ್ರಶ್ನೆಗಳು.

'ಇದ್ದದ್ದನ್ನು ಹೇಳಿದರೆ ಇದು ಸಂಸಾರ ಅಂತ ಯಾರು ನಂಬುತ್ತಾರೆ?'

ಇದ್ದದ್ದು ಇಷ್ಟೇ. ಗಂಡನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ನೈಟ್ ಶಿಫ್ಟ್. ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲೆಲ್ಲ ಹಾಸಿಗೆ ಬಟ್ಟೆ ಮಡಚುವ ಕೆಲಸ. ಬೆಳಿಗ್ಗೆ ಮನೆ ಎದುರಿನ ಸ್ಟಾಪಿನಲ್ಲಿ ಅವನು ಬಸ್ಸಿನಿಂದ ಇಳಿದ ಎಂಟು ನಿಮಿಷಕ್ಕೆ ಅವಳ ಬಸ್ಸು. "ಊಟ ಬಿಸಿ ಮಾಡ್ಕೊಳ್ಳಿ." "ಕೈಗೆ ಎಣ್ಣೆ ಹಚ್ಕೊ, ಒಡೆದಿದೆ ನೋಡು." ಮುಗಿಯಿತು ಸಂಸಾರ! ಇನ್ನು ಅವನ ವಾರದ ರಜೆಯ ರಾತ್ರಿ? ಮಂಚದ ಹತ್ತಿರವೂ ಸುಳಿಯದೆ ಅಡುಗೆಮನೆಯ ಕತ್ತಲಲ್ಲಿ ಕೂತಿರುತ್ತಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ. ಕೇಳಿದರೆ ಬರುವ ಉತ್ತರದ ಭಯ.

"ಗೋಡೆ ಪಕ್ಕ ನಾನು, ಬಾಗಿಲ ಪಕ್ಕ ಅವರು" ಎಂದಳು. ಒಂದು ಸುಳ್ಳು ಬಾಯಿಂದ ಹೊರಬಿದ್ದದ್ದೇ ತಡ, ಉಳಿದವು ತಾವಾಗಿಯೇ ಬಂದವು. "ರಾತ್ರಿ ಊಟ ಒಟ್ಟಿಗೆ ಮಾಡ್ತೀವಿ. ಆಮೇಲೆ ನದಿ ಪಕ್ಕ ವಾಕಿಂಗ್ ಹೋಗ್ತೀವಿ. ದಿನಾ."

ಹೊರಗೆ ಮೆಟ್ಟಿಲ ಮೇಲೆ ಗಂಡ ಕಾಯುತ್ತಿದ್ದ.

"ಏನು ಹೇಳಿದ್ರಿ?"

"ಇದ್ದದ್ದು ಇದ್ದ ಹಾಗೆ ಹೇಳಿದೆ."

"ಒಟ್ಟಿಗೆ ಮಲಗಲ್ಲ ಅಂತಲೂ ಹೇಳಿದ್ರಾ?"

"ಕೇಳಿದ್ರು, ಹೇಳಿದೆ."

"ನನ್ನನ್ನ ಊರಿಗೆ ಕಳಿಸ್ಬೇಕು ಅಂತಿದ್ರೆ ನನಗೇ ಹೇಳ್ಬಹುದಿತ್ತಲ್ಲ ರೀ! ಅವರ ಕೈಲಿ ಹೇಳಿಸ್ಬೇಕಿತ್ತಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಅಂದಿನಿಂದ ಅವಳು ಮಾತು ಬಿಟ್ಟಳು. ನೆಟ್ಟಗೆ ಮಾತು ಬಿಡುವುದಕ್ಕೂ ಮನುಷ್ಯರಿಗೆ ಸ್ವಲ್ಪ ಪುರುಸೊತ್ತು ಬೇಕು. ಇವರಿಗಿದ್ದದ್ದು ಎಂಟು ನಿಮಿಷ. ಅದರಲ್ಲೇ ಅವಳು ಮುಖ ತಿರುಗಿಸಬೇಕು, ಅವನು ಕೀಲಿಕೈ ಇಸಿದುಕೊಳ್ಳಬೇಕು, ಬಸ್ಸು ಬರಬೇಕು.

ಮೂರು ವಾರ ಹೀಗೇ ಹೋಯಿತು. ಒಂದು ಬೆಳಿಗ್ಗೆ ಅವಳು ಕೆಳಗಿಳಿದು ಬರುವಾಗ ಅಂಚೆಪೆಟ್ಟಿಗೆಯಲ್ಲಿ ದಪ್ಪ ಲಕೋಟೆ ಇತ್ತು. ಲಾಂಡ್ರಿಯಲ್ಲಿ, ಮಡಚಿಟ್ಟ ಬಟ್ಟೆಯ ರಾಶಿಯ ಹಿಂದೆ ನಿಂತು, ಫೋನಿನಲ್ಲಿ ಒಂದೊಂದೇ ಪುಟವನ್ನು ಕನ್ನಡಕ್ಕೆ ತಿರುಗಿಸಿ ಓದಿದಳು.

ದಂಪತಿಯ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಪತ್ನಿಯ ವೀಸಾ ರದ್ದು. ಹದಿನಾಲ್ಕು ದಿನದೊಳಗೆ ದೇಶ ಬಿಡಬೇಕು. ಮೇಲ್ಮನವಿಗೆ ಅವಕಾಶವಿಲ್ಲ.

ಕೊನೆಯ ಪುಟಗಳಲ್ಲಿ ಇಬ್ಬರ ಉತ್ತರಗಳನ್ನೂ ಟೈಪು ಮಾಡಿದ್ದರು.

ಪ್ರಶ್ನೆ: ಹೆಂಡತಿ ಯಾವ ಪಕ್ಕ ಮಲಗುತ್ತಾರೆ?
ಪತಿ: ಗೋಡೆ ಪಕ್ಕ.
ಪ್ರಶ್ನೆ: ನೀವು?
ಪತಿ: ನಾನೂ ಅಲ್ಲೇ. ಅವಳು ಹೊದಿಕೆ ಮುಚ್ಚಿಟ್ಟು ಹೋಗಿರುತ್ತಾಳೆ. ನಾನು ಬಂದಾಗ ಆ ಜಾಗ ಇನ್ನೂ ಬೆಚ್ಚಗಿರುತ್ತದೆ. ರಾತ್ರಿಯೆಲ್ಲ ಐಸಿನಲ್ಲಿ ನಿಂತು ಬಂದವನಿಗೆ ಅಷ್ಟು ಸಾಕು.
ಪ್ರಶ್ನೆ: ರಜೆಯ ರಾತ್ರಿ?
ಪತಿ: ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಹೊರಳಾಡಿದರೆ ಅವಳಿಗೆ ಎಚ್ಚರವಾಗುತ್ತದೆ. ಅಡುಗೆಮನೆಯಲ್ಲಿ ಕೂತು ಅವಳ ಉಸಿರು ಕೇಳಿಸಿಕೊಳ್ಳುತ್ತೇನೆ.

ಅಯ್ಯೋ ದೇವರೇ... ಅವಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಇಷ್ಟು ದಿನ ಯಾವ ಮಾತಿಗಾಗಿ ಬಾಯಾರಿದ್ದಳೋ ಅದು ಸಿಕ್ಕಿತ್ತು. ಊರಿಗೆ ಅಟ್ಟುವ ಕಾಗದದಲ್ಲಿ!

ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದಳು. ಪರದೆ ಎಳೆದ ಕೋಣೆಯಲ್ಲಿ ಅವನು ಮುದುಡಿ ಮಲಗಿದ್ದ. ಅವಳು ಬಿಕ್ಕುವ ಸದ್ದಿಗೆ ದಡಬಡಿಸಿ ಎದ್ದ.

"ಏನಾಯ್ತೇ? ಇಷ್ಟೊತ್ತಲ್ಲಿ?"

ಅವಳು ಕಾಗದ ಕೊಟ್ಟಳು. ಈ ದೇಶದಲ್ಲಿ ಆರು ವರ್ಷ ಕಳೆದವನಿಗೆ ಫೋನಿನ ಸಹಾಯ ಬೇಕಿರಲಿಲ್ಲ. ಓದುತ್ತಾ ಓದುತ್ತಾ ಅವನ ಮುಖ ಬಾಡಿತು.

"ನೀವು ನಿಜ ಹೇಳಿದ್ರಿ. ಮನೆ ಹಾಳು ಮಾಡಿದ್ದು ನಾನೇ" ಎಂದಳು.

ಅವನ ಕಣ್ಣು ಅವಳ ಉತ್ತರಗಳ ಮೇಲೆ ನಿಂತಿತ್ತು. "ವಾಕಿಂಗಾ? ನದಿ ಪಕ್ಕ ನಾವು ಯಾವತ್ತು ಹೋಗಿದ್ವಿ?"

"ನಾನು ದಿನಾ ಹೋಗ್ತಿದ್ದೆ... ಬಟ್ಟೆ ಮಡಚ್ತಾ ಮಡಚ್ತಾ, ಮನಸ್ಸಲ್ಲೇ. ನೀವೂ ಜೊತೆಗಿರ್ತಿದ್ರಿ."

ಅವನು ಅವಳ ಒಡೆದ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ನೀವೂ ಬಂದ್ಬಿಡಿ" ಎಂದಳು. ಆಗದು ಎಂದು ಗೊತ್ತಿದ್ದೇ ಹೇಳಿದಳು.

"ಕರಾರು ಮುಗಿಯೋಕೆ ಇನ್ನೂ ಎರಡು ವರ್ಷ ಇದೆ. ಪಾಸ್‌ಪೋರ್ಟ್ ಕಂಪನಿ ಬೀರುವಲ್ಲಿದೆ. ಹೋದ ವಾರ ಕೇಳ್ದೆ. ನಕ್ಕುಬಿಟ್ರು."

ಹೋದ ವಾರವೇ! ಅಂದರೆ ಇವಳು ಮುಖ ತಿರುಗಿಸಿಕೊಂಡು ಬಸ್ಸು ಹತ್ತುತ್ತಿದ್ದಾಗ...

"ಮೆಟ್ಟಿಲ ಮೇಲೆ ಅಷ್ಟೊಂದು ಅಂದೆನಲ್ಲ, ಆಗ್ಲೇ ಯಾಕೆ ಹೇಳ್ಲಿಲ್ಲ?"

"ಆ ಆಫೀಸರ್ ಮುಂದೆ ಹೇಗೋ ಬಂತು. ನಿನ್ನ ಮುಂದೆ ನಾಲಿಗೆ ಹೊರಳಲ್ಲ ಕಣೇ. ನೀನಂದ್ರೆ ನಂಗೆ ಜೀವ."

ಅವಳು ಅವನ ಎದೆಗೆ ಹಣೆ ಒತ್ತಿದಳು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಬಂದವು, ಹೋದವು.

"ರೀ... ಇಷ್ಟೆಲ್ಲ ಮಾಡಿದೀನಿ. ನನ್ನ ಮೇಲೆ ಕೋಪ ಇಲ್ವಾ?"

"ಇದೆ."

"ಮತ್ತೆ ಬೈಯಿರಿ."

"ನೀನು ಹೋದ್ಮೇಲೆ ಬೈಕೋತೀನಿ. ಈಗ ಹದಿನಾಲ್ಕೇ ದಿನ ಇರೋದು."