ಎರಡೇ ದೀಪ ಹತ್ತಿದ ಮನೆ

"ಇದನ್ನ ನಿಮ್ಮ ಅಕ್ಕನ ಮನೆಗಾದ್ರೆ ಹಾಕ್ತಿದ್ರಾ?"

ಮಾಲಿನಿ ಕೇಳಿದ್ದು ಇಷ್ಟೇ. ಏಣಿಯ ನಡುಮಧ್ಯ ನಿಂತಿದ್ದ ಮಧುಕುಮಾರ ಕೆಳಗೆ ನೋಡಿದ. ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಒಂದು ಕಣ್ಣು ಕಿರಿದು ಮಾಡಿಕೊಂಡು ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಕನೆಕ್ಷನ್ ತಗೊಳ್ಳುವವರು ತಿಂಗಳ ಬಿಲ್ ಎಷ್ಟು ಅಂತಾರೆ, ಸ್ಪೀಡ್ ಎಷ್ಟು ಅಂತಾರೆ. ಅವನ ಅಕ್ಕನ ವಿಷಯ ಎತ್ತಿದವರು ಯಾರೂ ಇರಲಿಲ್ಲ.

"ಹಾಕ್ತಿದ್ದೆ ಮೇಡಂ" ಅಂದ.

ಹಾಗಂದಾಗ ಆ್ಯಂಟೆನಾ ಅವನ ಮೂಗಿನ ನೇರಕ್ಕೇ ಇತ್ತು. ಅದರ ಬೆನ್ನ ಮೇಲೆ ನಾಲ್ಕು ಪುಟ್ಟ ದೀಪ. ನಾಲ್ಕೂ ಹಸಿರಾದರೆ ಮಾತ್ರ ಆ ಮನೆಗೆ ಹಾಕಬೇಕು ಅನ್ನೋದು ಅವನ ಕಂಪನಿಯ ಮೊದಲನೇ ಪಾಠ. ಹತ್ತಿದ್ದು ಎರಡೇ. ಅವಳು ನಿಂತ ಜಾಗದಿಂದ ಅದು ಕಾಣುತ್ತಿರಲಿಲ್ಲ.

ಅದು ಎರಡು ಸಾವಿರದ ಎಂಟನೇ ಇಸವಿ. ಗಂಡಸಿಯ ಸುತ್ತಮುತ್ತಲ ಹಳ್ಳಿಗಳಿಗೆ ಇಂಟರ್ನೆಟ್ ಅನ್ನೋದು ಆಗತಾನೆ ಕಾಲಿಡುತ್ತಿತ್ತು. ಸರ್ಕಾರಿ ಫೋನಿನ ತಂತಿಯಲ್ಲಿ ಬರುವುದು ಒಂದು, ಟವರಿನಿಂದ ಮನೆಯ ಮೇಲಿನ ಆ್ಯಂಟೆನಾಗೆ ಗಾಳಿಯಲ್ಲಿ ಬರುವುದು ಇನ್ನೊಂದು. ಮಧುಕುಮಾರ ಗಾಳಿಯವನು. ಅರಸೀಕೆರೆಯ ಒಂದು ಸಣ್ಣ ಕಂಪನಿಯ ಹೆಸರಿದ್ದ ನೀಲಿ ಶರ್ಟು ಹಾಕಿಕೊಂಡು, ಬೈಕಿನ ಪಕ್ಕಕ್ಕೆ ಏಣಿ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ.

ಮಾಲಿನಿ ಮೈಸೂರಿನಲ್ಲಿ ಡಾಕ್ಟರುಗಳ ಮಾತನ್ನು ಕೇಳಿ ಟೈಪ್ ಮಾಡುವ ಕೆಲಸದಲ್ಲಿದ್ದಳು. ಅವಳ ತಾಯಿ ಲಕ್ಕಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಊರಿಗೆ ಬಂದಳು. ಮನೆಯಿಂದಲೇ ಕೆಲಸ ಮಾಡಲು ಆಫೀಸಿನವರು ಒಪ್ಪಿದ್ದರು, ಆದರೆ ಒಂದು ಷರತ್ತು: ಬಂದ ಫೈಲು ಹೊತ್ತಿಗೆ ಸರಿಯಾಗಿ ವಾಪಸ್ ಹೋಗಬೇಕು. ಲೈನ್ ಕೈಕೊಟ್ಟರೆ ಕೆಲಸವೂ ಇಲ್ಲ.

ಅದಕ್ಕೇ ಅವಳು ಕಂಡಕಂಡವರನ್ನೆಲ್ಲ ವಿಚಾರಿಸಿದ್ದಳು. ಸರ್ಕಾರಿ ತಂತಿ ಹಿಂದಿನ ಬೀದಿಯ ಚನ್ನಬಸವಯ್ಯನವರ ಮನೆಗೇ ನಿಂತಿತ್ತು. ಅಲ್ಲಿಂದ ಇವಳ ಮನೆವರೆಗೆ ಗಟ್ಟಿ ನೆಲದಲ್ಲಿ ಕಾಲುವೆ ತೋಡಿಸಿ ಕೇಬಲ್ ಎಳೆಸಬೇಕು. ತೋಟದ ಕೆಲಸದ ಕಾಲ, ಕೂಲಿಯವರು ಸಿಗುತ್ತಿರಲಿಲ್ಲ. ಮಧುಕುಮಾರ ನಾಳೆಯೇ ಹಾಕಿಕೊಡುತ್ತೇನೆ ಅಂದ. "ಬೇಕಾದ್ರೆ ಹಳೇಬೀಡಿನ ದೇವಸ್ಥಾನದ ಎದುರಿನ ಲಾಡ್ಜಿಗೆ ಫೋನ್ ಮಾಡಿ ಕೇಳಿ, ಅವರಿಗೂ ನಾವೇ ಹಾಕಿರೋದು" ಅಂದ. ಅವಳು ಮಾಡಿಯೇಬಿಟ್ಟಳು. ಚೆನ್ನಾಗಿದೆ ಅಂದರು. ಸುಳ್ಳಲ್ಲ. ಕಂಪನಿಯ ಒಂದು ಟವರ್ ಆ ಲಾಡ್ಜಿನ ಹಿಂದೆಯೇ ಇತ್ತು. ಅದನ್ನು ಅವನು ಹೇಳಲಿಲ್ಲ, ಅಷ್ಟೇ.

"ನಮ್ಮಪ್ಪ ಒಂದು ಮಾತು ಹೇಳೋರು" ಅಂದಳು ಮಾಲಿನಿ, ಏಣಿ ಹಿಡಿದುಕೊಂಡು. "ಹೆಂಚಾಗಲಿ, ಕೆರೆ ಏರಿ ಆಗಲಿ, ಮನುಷ್ಯನಾಗಲಿ, ಒಂದು ಮಳೆಗಾಲ ನಿಂತ ಮೇಲೆ ನಂಬು ಅಂತ. ನನಗೆ ಅಷ್ಟು ಟೈಮಿಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು."

ಅವನು ತಿರುಪು ಬಿಗಿ ಮಾಡುವ ನೆಪದಲ್ಲಿ ಮುಖ ಆಚೆ ತಿರುಗಿಸಿದ.

*

ಲೈನ್ ನೆಟ್ಟಗೆ ನಿಲ್ಲಲಿಲ್ಲ. ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಅವಳು ಫೋನ್ ಮಾಡುತ್ತಿದ್ದಳು, ಅವನು ಬರುತ್ತಿದ್ದ. ಆ್ಯಂಟೆನಾವನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತಿದ್ದ. ಮೂರನೇ ದೀಪ ಮಿಣಕ್ ಅಂದು ಆರುತ್ತಿತ್ತು. ಕೆಳಗೆ ಬಂದರೆ ಜಗಲಿಯಲ್ಲಿ ಕಾಫಿ ಕಾದಿರುತ್ತಿತ್ತು.

"ನೀವು ಮೇಲೆ ಹತ್ತಿದಾಗ ಮಾತ್ರ ನೆಟ್ ಬರುತ್ತೆ. ನೀವೇ ಅಲ್ಲಿ ಕೂತುಬಿಡಿ" ಅಂದಳು ಒಂದು ದಿನ.

"ಊಟ ಏಣಿ ಮೇಲೇ ಕಳಿಸ್ತೀರಾ?"

"ಮುದ್ದೆ ಎಸೀತೀನಿ. ಹಿಡ್ಕೊಳ್ಳಿ."

ನಗುವಾಗ ಅವಳು ಕೆಳತುಟಿಯ ಒಂದು ಕೊನೆಯನ್ನು ಹಲ್ಲಿನಿಂದ ಹಿಡಿಯುತ್ತಿದ್ದಳು, ನಗು ಹೆಚ್ಚು ಖರ್ಚಾಗದಿರಲಿ ಅನ್ನುವಂತೆ. ಅವನು ಲೋಟದೊಳಗೆ ನೋಡುತ್ತಾ ಕೂರುತ್ತಿದ್ದ. ಆದರೂ ಕಾಣುತ್ತಿತ್ತು. ಹೊರಡುವಾಗ ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಬೈಕ್ ತಿರುವು ದಾಟುವವರೆಗೂ ನಿಲ್ಲುತ್ತಿದ್ದಳು. ಕನ್ನಡಿಯಲ್ಲಿ ಅದೂ ಕಾಣುತ್ತಿತ್ತು.

ಒಂದು ಸಂಜೆ ಅವಳ ಮುಖದಲ್ಲಿ ನಗುವಿರಲಿಲ್ಲ. ಫೈಲು ಅರ್ಧಕ್ಕೇ ನಿಂತು ಆಫೀಸಿನಿಂದ ಎಚ್ಚರಿಕೆ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಮೈಸೂರಿಗೆ ಬರಬೇಕು, ಇಲ್ಲವೇ ಕೆಲಸ ಬಿಡಬೇಕು.

"ನಿಜ ಹೇಳಿ. ಏನಕ್ಕೆ ಹೀಗಾಗ್ತಿದೆ?"

ನಿಜ ಹೇಳಿದರೆ ಅವತ್ತೇ ಆ್ಯಂಟೆನಾ ಬಿಚ್ಚಿಕೊಂಡು ಹೋಗಬೇಕಿತ್ತು. ಅವನ ಕಣ್ಣು ಅಂಗಳದಾಚೆ ಹೋಯಿತು. ಅಲ್ಲೊಂದು ತೆಂಗಿನ ಮರ, ನೆಟ್ಟಗೆ, ಗೊನೆ ತುಂಬ ಕಾಯಿ.

"ಆ ಮರ ಅಡ್ಡ ಬರುತ್ತೇನೋ" ಅಂದ.

ಅಂದು, ಕಾಫಿ ಕುಡಿದು ಹೋದ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಅವನು. ಫಲ ಬಿಡುವ ಮರಕ್ಕೆ ಇಲ್ಲಿ ಯಾರೂ ಕೊಡಲಿ ಹಾಕುವುದಿಲ್ಲ ಅಂತ ಗೊತ್ತಿದ್ದೇ ಆ ಮಾತು ಅಂದಿದ್ದ. ಯಾರೂ ಪರೀಕ್ಷೆ ಮಾಡಲಾಗದ ಸುಳ್ಳು ಅಂದುಕೊಂಡಿದ್ದ.

*

ಮುಂದಿನ ಸಲ ಬಂದಾಗ ಅಂಗಳ ಬೋಳಾಗಿತ್ತು. ಮರ ಬೇಲಿಯ ಉದ್ದಕ್ಕೂ ಮಲಗಿತ್ತು. ಬುಡ ಇನ್ನೂ ಹಸಿ.

ಬೈಕಿನಿಂದ ಇಳಿಯುವುದೂ ಅವನಿಗೆ ಮರೆತುಹೋಯಿತು.

ಲಕ್ಕಮ್ಮ ಜಗಲಿಯ ಮೇಲೆ ಕೋಲು ಊರಿ ಕೂತಿದ್ದಳು. "ಬಾ ಮಗ" ಅಂದಳು. "ಇವಳು ಹುಟ್ಟಿದ ವರ್ಸ ಇವರಪ್ಪ ನೆಟ್ಟಿದ್ದು. ಇವಳು ಬ್ಯಾಡ ಅಂತಲೇ ಇದ್ಲು. ನಾನೇ ಹೇಳ್ದೆ, ಮರ ಇನ್ನೊಂದು ನೆಡಬೌದು, ಮಗಳ ಕೆಲಸ ನೆಡಕ್ಕಾಯ್ತದಾ ಅಂತ."

ಅವನು ಬುಡದ ಕಡೆ ನೋಡಿದ.

"ನಿಂಗೂ ಅಂತ ಎತ್ತಿಟ್ಟಿವ್ನಿ. ತಗ."

ಬಾಳೆಲೆಯಲ್ಲಿ ಸುತ್ತಿದ ಬಿಳಿ ತಿರುಳು. ಮರದ ನೆತ್ತಿಯೊಳಗೆ ಇರುವಂಥದ್ದು; ಮರ ಬಿದ್ದಾಗ ಮಾತ್ರ ಸಿಗುವಂಥದ್ದು. ನೆಂಟರಿಗೆ, ಬೇಕಾದವರಿಗೆ ಮಾತ್ರ ಹಂಚುತ್ತಾರೆ. ಒಂದು ಚೂರು ಬಾಯಿಗಿಟ್ಟ. ಎಳೆ ಹಾಲಿನಂಥ ಸಿಹಿ. ಉಳಿದದ್ದನ್ನು ಮತ್ತೆ ಎಲೆಯಲ್ಲಿ ಸುತ್ತಿಟ್ಟುಕೊಂಡ.

ಮೇಲೆ ಹತ್ತಿ ನೋಡಿದ. ಎರಡೇ ದೀಪ.

ಕೆಳಗೆ ಮಾಲಿನಿ ಹುಬ್ಬೇರಿಸಿ ಕಾಯುತ್ತಿದ್ದಳು. "ಈಗ?"

"ನೋಡೋಣ ಮೇಡಂ" ಅಂದು ಬೈಕ್ ಹತ್ತಿದ. ಏಣಿ ಕಟ್ಟಿಕೊಳ್ಳುವುದನ್ನೂ ಮರೆತ.

ನೇರ ಗಂಡಸಿಯ ಅಕ್ಕನ ಮನೆಗೆ ಹೋದ. ಅಕ್ಕನ ಹೆಸರು ಇಂದು, ಸ್ಕೂಲ್ ಟೀಚರ್. ಎಲೆ ಬಿಚ್ಚಿ ನೋಡಿದವಳೇ, "ಯಾರ ಮನೆ ಮರ ಬಿತ್ತೋ?" ಅಂದಳು. ಅವನು ತಲೆ ತಗ್ಗಿಸಿ ಎಲ್ಲ ಹೇಳಿದ.

ಅಕ್ಕ ಗೋಡೆಯ ಮೂಲೆ ತೋರಿಸಿದಳು. ಅಲ್ಲಿ ಕಂಪ್ಯೂಟರಿಗೆ ಹೋಗುವ ಕಪ್ಪು ತಂತಿ. ಸರ್ಕಾರಿ ಲೈನು. ನಿಂತು ಹಾಕಿಸಿದವನು ಅವನೇ.

"ನಂಗೆ ಇದು ಹಾಕಿಸ್ದೆ. ಆ ಹುಡುಗಿಗೆ ಅದು ಹಾಕ್ದೆ. ಅವಳು ನನ್ನ ಹೆಸರೆತ್ತಿ ಕೇಳಿದ್ಲಲ್ಲೋ."

"ಅವಳಿಗೆ ಹೇಗಕ್ಕ ಮುಖ ತೋರಿಸ್ಲಿ?"

"ಮುಖ ತೋರಿಸೋಕೆ ಆಗ್ದಿದ್ರೆ ಬಾಯಾದ್ರೂ ಬಿಚ್ಚು. ಎದ್ದೇಳು."

*

ಮಾಲಿನಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಏಣಿಗೆ ಬಂದ್ರಾ?" ಅಂದಳು.

"ಮರ ಅಡ್ಡ ಇರಲಿಲ್ಲ" ಅಂದ ಮಧುಕುಮಾರ.

ಅವಳ ಬೆರಳು ಅಕ್ಕಿಯಲ್ಲೇ ನಿಂತವು.

"ಅಡ್ಡ ಇರೋದು ಕೆರೆ ಏರಿ ಮೇಲಿನ ಹುಣಸೆ ತೋಪು. ಟವರಿಗೂ ಈ ಮನೆಗೂ ನೇರ ದಾರಿನೇ ಇಲ್ಲ. ಮೊದಲನೇ ದಿನವೇ ಗೊತ್ತಿತ್ತು. ನಾಲ್ಕು ದೀಪ ಹತ್ತಬೇಕಿತ್ತು. ಎರಡು ಹತ್ತಿದ್ವು."

"ಕಮಿಷನ್ನಿಗಾ?"

"ಅಲ್ಲ." ಅವನು ನೆಲ ನೋಡಿದ. "ಕಮಿಷನ್ನಿಗಾಗಿದ್ರೆ ನಾಚಿಕೆ ಇಷ್ಟಾಗ್ತಿರಲಿಲ್ಲ. ಆಗಲ್ಲ ಅಂದಿದ್ರೆ ಅವತ್ತೇ ಏಣಿ ಎತ್ಕೊಂಡು ಹೋಗಬೇಕಿತ್ತು. ಹಾಕಿದ್ರೆ, ಮತ್ತೆ ಬರಬಹುದಲ್ಲ ಅಂತ."

"ಮತ್ತೆ ಅಂದ್ರೆ?"

"ನಿಮ್ಮನ್ನ ನೋಡೋಕೆ."

ಹೀಗೆ ಹೇಳಬೇಕೆಂದು ಅವನು ಎಷ್ಟೋ ದಾರಿಗಳಲ್ಲಿ ಎಷ್ಟೋ ಥರ ಕನಸು ಕಂಡಿದ್ದ. ಯಾವ ಕನಸಿನಲ್ಲೂ ಪಕ್ಕದಲ್ಲಿ ಕಡಿದ ಮರ ಬಿದ್ದಿರಲಿಲ್ಲ.

ಮಾಲಿನಿ ಮೊರ ಕೆಳಗಿಟ್ಟಳು. ಕಿವಿಯವರೆಗೂ ಕೆಂಪೇರಿದ್ದಳು; ಅದು ಸಿಟ್ಟೋ ಬೇರೆಯದೋ, ನೋಡುವ ಧೈರ್ಯ ಅವನಿಗಿರಲಿಲ್ಲ. "ಅಂದ್ರೆ ನನ್ನ ಲೈನ್ ಹೋಗಲಿ ಅಂತ ಕಾಯ್ತಿದ್ರಿ."

ಇಲ್ಲ ಅನ್ನಬಹುದಿತ್ತು. "ನಿಮ್ಮ ಫೋನ್ ಬಂದಾಗ ಖುಷಿ ಆಗ್ತಿತ್ತು" ಅಂದ.

"ಆ ಹೊತ್ತಲ್ಲಿ ನಾನಿಲ್ಲಿ ಅಳ್ತಾ ಕೂತಿರ್ತಿದ್ದೆ."

ಅವಳು ಮೊರ ಎತ್ತಿಕೊಂಡು ಎದ್ದಳು.

"ಅವ್ವಂಗೆ ನೀವೇ ಹೇಳಿ. ನಾನು ಹೇಳಲ್ಲ. ನಂಗೆ ಅಷ್ಟು ಗಟ್ಟಿ ಬಾಯಿಲ್ಲ" ಅಂದು ಒಳಗೆ ಹೋದಳು.

ಲಕ್ಕಮ್ಮ ಎಲ್ಲ ಕೇಳಿ ಬೋಳು ಅಂಗಳದ ಕಡೆ ನೋಡುತ್ತಾ ಕೂತಳು. ಆಮೇಲೆ ಕೇಳಿದಳು, "ತಿರುಳು ಸೀ ಇತ್ತಾ?"

"ತಿನ್ನೋಕಾಗಲಿಲ್ಲ ಅವ್ವ."

"ತಿನ್ನಬೇಕಾಗಿತ್ತು. ಮರ ಹೋಗಿದ್ದೂ ಅಲ್ದೆ ಅದನ್ನೂ ಯಾಕ್ಲಾ ದಂಡ ಮಾಡಿದೆ?"

ಬೈದಿದ್ದರೆ ಒಳ್ಳೆಯದಿತ್ತು.

*

ಮಾರನೇ ಬೆಳಗ್ಗೆ ಹಾರೆ, ಸನಿಕೆ ಹಿಡಿದು ಬಂದ. ಚನ್ನಬಸವಯ್ಯನವರ ಮನೆಯಿಂದ ಕಾಲುವೆ ತೋಡಲು ಶುರುಮಾಡಿದ. ನಾಚಿಕೆಗೆ ಕಂಪನಿಯ ಶರ್ಟನ್ನು ತಿರುಗಿಸಿ ಹಾಕಿಕೊಂಡಿದ್ದ. ತನ್ನ ಕಂಪನಿಯನ್ನು ಬಿಡಿಸಿ ಎದುರಾಳಿಯ ತಂತಿಗೆ ದಾರಿ ಮಾಡುವುದನ್ನು ಊರೆಲ್ಲ ನಿಂತು ನೋಡಿತು.

"ಏನ್ಲಾ ಇದು?" ಅಂದರು ಚನ್ನಬಸವಯ್ಯ, ಎಲೆ ಅಡಿಕೆ ಜಗಿಯುತ್ತಾ. "ಎತ್ತಿನ ವ್ಯಾಪಾರಿನೇ ಪಕ್ಕದವನ ಎತ್ತಿಗೆ ಹುಲ್ಲು ಹಾಕ್ದಂಗಾಯ್ತಲ್ಲ."

"ಈ ಮನೆಗೆ ಈ ಎತ್ತೇ ಸರಿ ಯಜಮಾನ್ರೇ."

ಅಂಗೈಯಲ್ಲಿ ಬೊಬ್ಬೆ ಬಂದು ಒಡೆದವು. ಎರಡನೇ ದಿನ ಮಾಲಿನಿ ಒಂದು ಚೊಂಬು ನೀರು ತಂದು, ಕೈಗೆ ಕೊಡದೆ ಮಣ್ಣಗುಡ್ಡೆಯ ಮೇಲಿಟ್ಟಳು.

"ಶರ್ಟು ತಿರುಗಾಮುರುಗಾ ಆಗಿದೆ."

"ಗೊತ್ತು."

"ಹೆಸರು ಆದ್ರೂ ಕಾಣ್ತಿದೆ. ಬೆವರಿಗೆ."

ಅವನು ತಲೆಯೆತ್ತುವಷ್ಟರಲ್ಲಿ ಅವಳು ತಿರುಗಿ ನಡೆದಿದ್ದಳು. ಕಾಲುವೆ ಕೊನೆಗೆ ಕಡಿದ ಬುಡದ ಪಕ್ಕದಲ್ಲೇ ಹಾದು ಗೋಡೆ ಮುಟ್ಟಿತು. ಅಲ್ಲಿ ಅಗೆಯುವಾಗ ಬೇರು ಸಿಕ್ಕಿತು. ಅದನ್ನು ಕಡಿಯಲು ಮನಸ್ಸಾಗದೆ ಸುತ್ತಿ ಬಳಸಿ ತೋಡಿದ.

ಕೇಬಲ್ ಬರುವವರೆಗೆ, ಇಂದುವೇ ಕರೆದಿದ್ದರಿಂದ, ಮಾಲಿನಿ ಗಂಡಸಿಗೆ ಬಸ್ಸಿನಲ್ಲಿ ಹೋಗಿ ಅವಳ ಮನೆಯಲ್ಲಿ ಕೂತು ಫೈಲು ಕಳಿಸಿದಳು. ಆ ಹೊತ್ತಿನಲ್ಲಿ ಮಧುಕುಮಾರ ಅಕ್ಕನ ಬೀದಿಗೂ ಕಾಲಿಡಲಿಲ್ಲ. ಕೆಲಸ ಉಳಿಯಿತು. ಕೇಬಲ್ ಬಂತು, ಲೈನ್ ಗಟ್ಟಿಯಾಗಿ ನಿಂತಿತು. ಅವನು ಆ್ಯಂಟೆನಾ ಬಿಚ್ಚಿ, ಏಣಿ ಕಟ್ಟಿಕೊಂಡು ಹೋದ. ಬಾಗಿಲ ಚೌಕಟ್ಟಿನಲ್ಲಿ ಯಾರೂ ನಿಂತಿರಲಿಲ್ಲ.

*

ಮಳೆಗಾಲ ಬಂತು. ಗುಡುಗಿತು, ಕರೆಂಟ್ ಹೋಯಿತು, ಬಂತು. ಲೈನ್ ಮಾತ್ರ ಅಲ್ಲಾಡಲಿಲ್ಲ. ಫೋನ್ ಮಾಡಲು ಅವಳಿಗೆ ಕಾರಣವೇ ಇರಲಿಲ್ಲ. ಇದನ್ನು ಅವನೇ ಮಾಡಿಕೊಂಡಿದ್ದು. ಒಳ್ಳೆಯ ಕೆಲಸವೊಂದು ಇಷ್ಟು ನೋಯಿಸುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಅವನು ಕಂಪನಿ ಬಿಡಲಿಲ್ಲ. ಆದರೆ ನಾಲ್ಕು ದೀಪ ಹತ್ತದ ಮನೆಯಲ್ಲಿ "ನಿಮಗೆ ನಮ್ಮದು ಬೇಡ, ತಂತಿ ಹಾಕಿಸಿ" ಅಂತ ಹೇಳತೊಡಗಿದ. ಮ್ಯಾನೇಜರ್ ಬೈದು ಅವನನ್ನು ಬೇಲೂರು, ಹಳೇಬೀಡಿನ ಕಡೆ ಹಾಕಿದ. ಅಲ್ಲಿ ಬಸ್ತಿಹಳ್ಳಿಯ ರೈತರೊಬ್ಬರು ಆಗಲ್ಲ ಅಂದವನಿಗೇ ಊಟ ಹಾಕಿ ಕಳಿಸಿದರು.

ದೀಪಾವಳಿ ಕಳೆದ ಮೇಲೆ, ಹಳೇಬೀಡಿನ ಕೆರೆಯ ದಡದಲ್ಲಿ ಟೀ ಕುಡಿಯುತ್ತಿದ್ದಾಗ ಫೋನ್ ಬಂತು. ಹೆಸರು ನೋಡಿ ಟೀ ಲೋಟ ಕೆಳಗಿಟ್ಟ.

"ಲೈನ್ ಹೋಯ್ತಾ ಮೇಡಂ?"

"ಇಲ್ಲ. ಚೆನ್ನಾಗಿದೆ" ಅಂದಳು ಮಾಲಿನಿ. "ಅದಕ್ಕೇ ಮಾಡಿದ್ದು. ಅವ್ವ ನೀವು ಬರಬೇಕು ಅಂತಿದಾಳೆ. ಗುಂಡಿ ತೋಡೋರು ಬೇಕಂತೆ."

ಹೋದ. ಲಕ್ಕಮ್ಮ ಈಗ ಕೋಲೂರಿ ಓಡಾಡುತ್ತಿದ್ದಳು. ಬಚ್ಚಲ ನೀರು ಹರಿಯುವಲ್ಲಿ ಮರಳಲ್ಲಿ ಹೂತಿದ್ದ ಕಾಯೊಂದು ಹಸಿರು ಮೊಳಕೆ ಚಾಚಿತ್ತು. "ಆ ಮರದ್ದೇ ಕಣ್ಲಾ" ಅಂದಳು. "ಕಡಿಸಿದ ದಿನವೇ ಹೂಳಿಸಿದ್ದೆ. ತೋಡು, ಮೊಳ ಆಳ." ಅಷ್ಟು ಹೇಳಿ, ಒಲೆ ಮೇಲೆ ಏನೋ ಇದೆಯೆಂದು ಒಳಗೆ ಹೋದಳು.

ಅವನು ತೋಡಿದ. ಮಾಲಿನಿ ಸಸಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ನಿಮ್ಮಕ್ಕ ಎಲ್ಲ ಹೇಳ್ತಾ ಇದ್ರು" ಅಂದಳು. "ಗಿರಾಕಿಗಳನ್ನ ನೀವೇ ಓಡಿಸ್ತಿದ್ದೀರಂತೆ."

"ಆಗದ ಕಡೆ ಆಗಲ್ಲ ಅಂತೀನಿ. ಅಷ್ಟೇ."

"ಒಂದು ಕೇಳ್ಲಾ? ನಿಮ್ಮ ಅಕ್ಕನ ಮಗಳಿಗಾದ್ರೆ ನಿಮ್ಮಂಥ ಹುಡುಗನ್ನ ನೋಡ್ತಿದ್ರಾ?"

ಗುಂಡಿಯೊಳಗೆ ಮಂಡಿಯೂರಿದ್ದವನು ಕೆಳಗಿನಿಂದ ಮೇಲಕ್ಕೆ ನೋಡಿದ. ಈ ಸಲ ಬಿಸಿಲು ಅವನ ಕಣ್ಣಿಗಿತ್ತು.

"ಇಲ್ಲ" ಅಂದ. "ಅವತ್ತು ಏಣಿ ಮೇಲಿದ್ದವನಿಗೆ ಕೊಡ್ತಿರಲಿಲ್ಲ. ಈಗಿನವನ್ನ... ನಂಗೊತ್ತಿಲ್ಲ. ನೀವೇ ವಿಚಾರಿಸಿ ನೋಡಬೇಕು."

ಅವಳು ಕೆಳತುಟಿಯ ಕೊನೆಯನ್ನು ಹಲ್ಲಿನಿಂದ ಹಿಡಿದಳು. ನಗು ಆದರೂ ತಪ್ಪಿಸಿಕೊಂಡು ಬಂತು.

"ವಿಚಾರಿಸಿದೀನಿ" ಅಂದಳು. "ಒಂದು ಮಳೆಗಾಲ."

ಸಸಿ ಕೊಡಲು ಬಗ್ಗಿದಳು. ಇಸಿದುಕೊಳ್ಳುವಾಗ ಅವನ ಅಂಗೈಯ ಹಳೇ ಬೊಬ್ಬೆಯ ಗುರುತು ಅವಳ ಬೆರಳಿಗೆ ಸಿಕ್ಕಿತು. ಅವಳು ಕೈ ತೆಗೆಯಲಿಲ್ಲ. ನಾಚಿಕೆಯಿಂದ ಅವನಿಗೆ ಕಣ್ಣೆತ್ತಲಾಗಲಿಲ್ಲ. ಇದು ಬೇರೆ ನಾಚಿಕೆ.

"ನೆಟ್ಟಗೆ ಇಡಿ ಮಧು" ಅಂದಳು ಮಾಲಿನಿ. "ಇದು ನಮ್ಮಿಬ್ಬರಿಗಿಂತ ಜಾಸ್ತಿ ದಿನ ನಿಲ್ಲಬೇಕು."